ಬೇಳೆಗೆ ಬಿದ್ದ ತುಪ್ಪ

ಸನ್ನಿವೇಲ್
ಭಾನುವಾರ, 18 ಜನವರಿ 2026

ನಮ್ಮ ಮನೆಯವರಿಗೆ ಮೈಥಿಲಿ ಮಾಡುವ ನಮಸ್ಕಾರ.

ಹೇಗಿದ್ದೀರಿ? ಎದೆ ಹೇಗಿದೆ? ಮೆಟ್ಟಿಲು ಹತ್ತಿದರೆ ಹಿಡಿದ ಹಾಗಾಗುತ್ತದೆಯೇ? ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತೀರೋ, ಇಲ್ಲ ನೆನಪಾದಾಗ ನುಂಗುತ್ತೀರೋ? ಸ್ಟೆಂಟ್ ಹಾಕಿಸಿಕೊಂಡು ವರ್ಷ ತುಂಬುವ ಮೊದಲೇ ಕರೆಂಟಿಲ್ಲದ ರೋಗಿಗಳಿಗೆಂದು ಊರೂರು ಬ್ಯಾಟರಿ ಪೆಟ್ಟಿಗೆ ಹೊತ್ತುಕೊಂಡು ಹೋದ ಮಹಾನುಭಾವರು ಇಡೀ ಅಮೆರಿಕದಲ್ಲಿ ನೀವೊಬ್ಬರೇ ಇರಬೇಕು. ಕಿಶಿನೆವ್‌ನಲ್ಲಿ ಹಿಮ ಜೋರು ಎಂದಿರಿ. ನಾನು ಹೆಣೆದ ಮರೂನ್ ಮಂಕಿ ಕ್ಯಾಪು ಹಾಕಿಕೊಳ್ಳುತ್ತಿದ್ದೀರಾ? ಉಲ್ಲನ್ ಸಾಲದೆ ಕಿವಿಯ ಹತ್ತಿರ ಹಸಿರು ಪಟ್ಟಿ ಹಾಕಿದ್ದಕ್ಕೆ ಟ್ರಾಫಿಕ್ ಸಿಗ್ನಲ್ ಎಂದು ಹಾಸ್ಯ ಮಾಡಿದ್ದಿರಿ. ಹಾಸ್ಯ ಇರಲಿ, ಕಿವಿ ಮುಚ್ಚಿದರೆ ಸಾಕು.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ನೀವಿರುವ ಊರಿನ ಸುದ್ದಿ ಹುಡುಕುತ್ತೇನೆ. ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆಯೇ ಕಾಫಿ ಗಂಟಲಲ್ಲಿ ಇಳಿಯುವುದು. ಹೊರಡುವಾಗ ನೀವು ಹೇಳಿದ್ದು ಕಿವಿಯಲ್ಲೇ ಇದೆ. "ಯುದ್ಧ ಗಡಿ ಆಚೆ ಕಣೇ, ನಾನಿರೋದು ಈಚೆ." ಆ ಮಾತನ್ನೇ ಹಿಡಿದುಕೊಂಡು ಸಂಜೆ ದೇವರ ಮುಂದೆ ದೀಪ ಹಚ್ಚಿ, ಚೆಲುವನಾರಾಯಣ, ಕಿಶಿನೆವ್‌ನಲ್ಲಿರುವವರನ್ನು ಕಾಪಾಡಪ್ಪಾ ಎಂದು ಊರಿನ ಹೆಸರು ಹೇಳಿಯೇ ಕೇಳಿಕೊಳ್ಳುತ್ತೇನೆ. ಮೇಲುಕೋಟೆಯ ದೇವರಿಗೆ ಆ ಊರು ಎಲ್ಲಿದೆಯೆಂದು ಗೊತ್ತಿರಬೇಕಲ್ಲ. ಪ್ಲೆಸೆಂಟನ್‌ನಿಂದ ಗಾನವಿ ದಿನಾ ಫೋನು ಮಾಡಿ, ಅಪ್ಪನಿಗೆ ಬಾ ಅಂತ ನೀನೇ ಯಾಕೆ ಹೇಳಲ್ಲ ಎಂದು ನನ್ನನ್ನೇ ಬೈಯುತ್ತಾಳೆ. ಮಗಳಿಗೆ ಅಪ್ಪ ಯಾವತ್ತೂ ತಪ್ಪು ಮಾಡುವುದಿಲ್ಲ, ನಿಮ್ಮ ಪುಣ್ಯ.

ಹೋದ ವಾರ ನೀವು, ಇನ್ನೊಂದು ತಿಂಗಳು ಇದ್ದು ಬರಲಾ ಎಂದು ಕೇಳಿದಿರಿ. ಯೋಚಿಸಿ ಹೇಳುತ್ತೇನೆ ಎಂದೆ. ನಿಮ್ಮ ಮಾತ್ರೆಗಳು ಈ ತಿಂಗಳ ಕೊನೆಗೆ ಮುಗಿಯುತ್ತವೆ. ನಾಳೆ, ನಿಮ್ಮನ್ನು ಅಲ್ಲಿಗೆ ಕಳಿಸಿದ ಯಹೂದಿ ಸೇವಾ ಸಂಸ್ಥೆಯ ತಾಮಾರ್ ಔಷಧಿಗಳ ಪೆಟ್ಟಿಗೆ ತೆಗೆದುಕೊಂಡು ವಿಮಾನ ಹತ್ತುತ್ತಾಳೆ, ಈ ಪತ್ರವೂ ಸಂಕ್ರಾಂತಿಯ ಎಳ್ಳು ಬೆಲ್ಲವೂ ಅವಳ ಕೈಯಲ್ಲೇ ಬರುತ್ತವೆ. ಇನ್ನೊಂದು ತಿಂಗಳ ಮಾತ್ರೆಯ ಡಬ್ಬಿ ತಂದಿಟ್ಟಿದ್ದೇನೆ. ಅದನ್ನು ಜೊತೆಗೆ ಕಳಿಸಿದರೆ ಇರಿ ಎಂದ ಹಾಗೆ, ಕಳಿಸದಿದ್ದರೆ ಬನ್ನಿ ಎಂದ ಹಾಗೆ. ಡಬ್ಬಿ ಊಟದ ಮೇಜಿನ ಮೇಲಿದೆ. ಬೆಳಿಗ್ಗೆಯಿಂದ ಪೊಟ್ಟಣದೊಳಗೆ ಹಾಕುವುದು, ತೆಗೆಯುವುದು, ಇದೇ ಆಗಿದೆ.

ಈ ನಡುವೆ ಶುಕ್ರವಾರ ನಾನೊಂದು ಅನಾಹುತ ಮಾಡಿದೆ. ಒಂಟಿ ಹಿರಿಯರಿಗೆ ಊಟ ಕಳಿಸುವ ಸಂಸ್ಥೆಯ ಅಡಿಗೆಮನೆಗೆ ಎಂದಿನಂತೆ ತರಕಾರಿ ಹೆಚ್ಚಲು ಹೋಗಿದ್ದೆ. ಅಲ್ಲಿ ಮಾಂಸದ ಅಡಿಗೆಮನೆಯೇ ಬೇರೆ, ಹಾಲು ಬೆಣ್ಣೆಯ ಅಡಿಗೆಮನೆಯೇ ಬೇರೆ, ಪಾತ್ರೆ ಸೌಟು ಏನೂ ಒಂದನ್ನೊಂದು ಮುಟ್ಟಬಾರದು ಎಂಬುದು ನಿಮಗೆ ಗೊತ್ತೇ ಇದೆ. ಕೋಷರ್ ಎಂಬ ಅವರ ಈ ಊಟದ ಮಡಿ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಅಮ್ಮನ ಮಡಿ, ಮುಸುರೆಯಲ್ಲಿ ಬೆಂದವಳು ನಾನು. ಕೋಳಿಯ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡಾದರೂ ಅವರ ನಿಯಮ ಒಂದು ದಿನವೂ ತಪ್ಪಿಸಿರಲಿಲ್ಲ. ಅವತ್ತು ಮಾಂಸದ ಕಡೆಯ ದೊಡ್ಡ ಪಾತ್ರೆಯಲ್ಲಿ ಬರೀ ಬೇಳೆಯ ಸೂಪು ಕುದಿಯುತ್ತಿತ್ತು. ಅಡಿಗೆಮನೆ ನೋಡಿಕೊಳ್ಳುವ ಮಿರಿಯಂ, ಸ್ವಲ್ಪ ನೋಡುತ್ತಿರಿ ಎಂದು ಹೊರಗೆ ಹೋದರು. ಬೇಳೆ ಬೆಂದು ಘಮ್ಮೆನ್ನುತ್ತಿತ್ತು. ನನ್ನ ಚೀಲದಲ್ಲಿ ಊಟದ ಡಬ್ಬಿಯ ಜೊತೆ ತುಪ್ಪದ ಪುಟ್ಟ ಸೀಸೆ ಇತ್ತು. ವಯಸ್ಸಾದವರು ತಿನ್ನುವ ಊಟ, ತುಪ್ಪ ಬಿದ್ದರೆ ಶುದ್ಧವೂ ಆಯಿತು, ರುಚಿಯೂ ಆಯಿತು ಎಂದು ಕೈ ತಾನಾಗಿ ಹೋಯಿತು. ಎರಡು ಚಮಚ ಹಾಕಿದೆ. ಅದು ಮೇಲೆ ತೇಲಿ ಹೊಳೆದಾಗಲೇ ನನಗೆ ಬುದ್ಧಿ ಬಂದದ್ದು. ಅಯ್ಯೋ, ತುಪ್ಪ ಎಂದರೆ ಹಾಲಲ್ಲವೇ? ನಮಗೆ ಯಾವುದು ಶುದ್ಧಿಯೋ ಅದೇ ಅವರಿಗೆ ಆ ಪಾತ್ರೆಯಲ್ಲಿ ಮೈಲಿಗೆ.

ಯಾರೂ ನೋಡಿರಲಿಲ್ಲ. ತಿರುವಿಬಿಟ್ಟಿದ್ದರೆ ದೇವರಾಣೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಮಿರಿಯಂ ಬಂದ ಕೂಡಲೇ ಹೇಳಿಬಿಟ್ಟೆ. ಆಕೆ ಒಲೆ ಆರಿಸಿದರು, ಅವರ ಗುರುಗಳಿಗೆ ಫೋನು ಮಾಡಿದರು. ಸೂಪು ಇಂಥ ನಿಯಮವಿಲ್ಲದ ಕಡೆಗೆ, ಮನೆಯಿಲ್ಲದವರ ಆಶ್ರಯಧಾಮಕ್ಕೆ ಹೋಯಿತು, ಶುದ್ಧಿ ಮಾಡಿಸುವವರೆಗೂ ಆ ಪಾತ್ರೆ ಮೂಲೆ ಸೇರಿತು, ನಮ್ಮ ಹಿರಿಯರಿಗೆ ಬ್ರೆಡ್ಡು, ಬೇಯಿಸಿದ ತರಕಾರಿ, ಹಣ್ಣು ಕಟ್ಟಿದೆವು. ನಿಮ್ಮ ಅಮ್ಮನ ಅಡಿಗೆಮನೆಯಾಗಿದ್ದರೆ ಮತ್ತೆ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಇನ್ನು ಮೇಲೆ ಬರಬೇಡಿ ಎನ್ನುತ್ತಾರೆ ಎಂದು ಏಪ್ರನ್ ಬಿಚ್ಚಿಟ್ಟು ಚೀಲ ಹೆಗಲಿಗೆ ಹಾಕಿಕೊಂಡು ನಿಂತೆ. ಮಿರಿಯಂ ಅದನ್ನು ಎತ್ತಿ ನಾನು ದಿನಾ ಹಾಕುವ ಮೊಳೆಗೇ ನೇತುಹಾಕಿ ಹೇಳಿದರು, "ತುಪ್ಪ ಬಿದ್ದಿದ್ದಕ್ಕೆ ದಾರಿ ಇದೆ ಮೈಥಿಲಿ. ನೀವು ಹೇಳದೇ ಇದ್ದಿದ್ದರೆ ದಾರಿ ಇರುತ್ತಿರಲಿಲ್ಲ. ನಮ್ಮನ್ನು ನಂಬಿ ತಿನ್ನೋ ಜನ ಅವರು." ಈ ಮಾತನ್ನು ನೀವು ಇನ್ನೊಂದು ಸಲ ಓದಿ.

ಆಮೇಲೆ ಸಾಂಟಾ ಕ್ಲಾರಾದ ಫೀರಾ ಅಜ್ಜಿಗೆ ಊಟ ಕೊಡಲು ಹೋದೆ. ಎಂಬತ್ತು ದಾಟಿದವರು, ಗಡಿ ಆಚೆ ಯುದ್ಧ ನಡೆಯುತ್ತಿರುವ ಒಡೆಸ್ಸಾ ಕಡೆಯವರು, ಒಂಟಿ. ಸೂಪು ಯಾಕಿಲ್ಲ ಎಂದು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಶುಕ್ರವಾರದ ಪದ್ಧತಿಯಂತೆ ಸೂರ್ಯ ಮುಳುಗುವ ಮೊದಲು ಮೇಣದಬತ್ತಿ ಹಚ್ಚಿ ಕಣ್ಣು ಮುಚ್ಚಿಕೊಂಡು ನಿಂತರು, ನಮ್ಮ ಹಾಗೆಯೇ. ಅಲ್ಲಿ ಉಳಿದುಕೊಂಡಿರುವ ಅವರ ಅಕ್ಕ ರೋಜಾ ಹಾಸಿಗೆ ಹಿಡಿದು ವರ್ಷವಾಯಿತಂತೆ, ಕರೆಂಟು ಹೋದರೆ ಉಸಿರಾಟದ ಯಂತ್ರ ನಿಲ್ಲುತ್ತದಂತೆ. ಇದೇ ಸಂಸ್ಥೆಯ ಅಲ್ಲಿನ ಜನ ಆಕೆಗೆ ಔಷಧಿ, ಊಟ ತಲುಪಿಸುತ್ತಾರೆ, ಹೋದ ಮಂಗಳವಾರ ಬ್ಯಾಟರಿಯನ್ನೂ ಕೂರಿಸಿಕೊಟ್ಟರಂತೆ. ಈಗ ಅಕ್ಕ ರಾತ್ರಿ ಉಸಿರಾಡುತ್ತಾಳೆ, ನಾನು ಇಲ್ಲಿ ನಿದ್ದೆ ಮಾಡುತ್ತೇನೆ ಎಂದು ನನ್ನ ಕೈ ಹಿಡಿದುಕೊಂಡರು. ಫೋನಿನಲ್ಲಿ ಬಂದ ಫೋಟೊ ತೋರಿಸಿದರು. ನೋಡಿದೆ, ಚೆನ್ನಾಗಿದೆ ಎಂದೆ.

ನಿಮ್ಮ ಎದೆಗೆ ಸ್ಟೆಂಟ್ ಹಾಕಿದಾಗ ಫ್ರೀವೇಯಲ್ಲಿ ಕಾರು ಓಡಿಸಲು ಹೆದರುವ ನನ್ನನ್ನು ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋದವರು ಇದೇ ಸಂಸ್ಥೆಯ ಜನ. ನೀವು ಯಾವ ದೇವರ ಕಡೆಯವರು ಎಂದು ಒಂದು ದಿನವೂ ಕೇಳಲಿಲ್ಲ. ಆ ಋಣ ನನಗೂ ಗೊತ್ತು. ನೀವು ಹೋಗಿದ್ದು ತಪ್ಪು ಎಂದು ನಾನು ಯಾವತ್ತೂ ಅಂದಿಲ್ಲ, ಅದನ್ನು ಮರೆಯಬೇಡಿ.

ಬಿಸಿನೀರು ಕುಡಿಯಿರಿ. ಭಾರ ಎತ್ತುವುದಕ್ಕೆ ಬೇರೆಯವರನ್ನು ಕರೆಯಿರಿ. ಅಲ್ಲಿರುವ ಎಲ್ಲರಿಗೂ ನನ್ನ ನಮಸ್ಕಾರ ಹೇಳಿ, ಎಳ್ಳು ಬೆಲ್ಲ ಒಬ್ಬರೇ ಮುಗಿಸಬೇಡಿ.

ಇಂತಿ ನಿಮ್ಮ
ಮೈಥಿಲಿ

ಮ.ವಿ: ಪತ್ರ ಮಡಿಸಿದ ಮೇಲೆ ಬರೆಯುತ್ತಿದ್ದೇನೆ, ತಾಮಾರ್ ಬಂದು ಕೆಳಗೆ ಕಾಯುತ್ತಿದ್ದಾಳೆ. ಫೀರಾ ಅಜ್ಜಿಯ ಫೋಟೊದಲ್ಲಿ ಅವರ ಅಕ್ಕನ ಮಂಚದ ಪಕ್ಕ ಒಬ್ಬರು ಬ್ಯಾಟರಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬೆನ್ನಷ್ಟೇ ಕಾಣುತ್ತದೆ. ತಲೆಯ ಮೇಲೆ ಮರೂನ್ ಟೋಪಿ, ಕಿವಿಯ ಹತ್ತಿರ ಹಸಿರು ಪಟ್ಟಿ. ಆ ಮನೆ ಇರುವುದು ಒಡೆಸ್ಸಾದಲ್ಲಿ, ಏಳನೆಯ ಮಹಡಿಯಲ್ಲಿ, ಲಿಫ್ಟು ನಡೆಯುವುದಿಲ್ಲ. ಈಗ ತಾಮಾರಳನ್ನೂ ಕೇಳಿದೆ. ಗಡಿ ದಾಟಲು ಹೆಂಡತಿ ಒಪ್ಪಿದ್ದಾಳೆ ಎಂದು ಸಂಸ್ಥೆಯವರಿಗೆ ಹೇಳಿದ್ದೀರಂತೆ. ಮಾತ್ರೆಯ ಡಬ್ಬಿ ಎಳ್ಳು ಬೆಲ್ಲದ ಕೆಳಗಿದೆ. ಇರಿ. ರೋಜಾ ಅಂಥವರು ಅಲ್ಲಿ ಇನ್ನೂ ಇದ್ದಾರೆ ಎಂದು ನನಗೂ ಅರ್ಥವಾಗುತ್ತದೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನುತ್ತಾರೆ, ನೀವು ನಿಜ ಮಾತಾಡಿ, ಅಷ್ಟು ಸಾಕು. ಇಷ್ಟು ದಿನ ನೀವಿಲ್ಲದ ಊರಿಗೆ ದೀಪ ಹಚ್ಚಿಬಿಟ್ಟೆನಲ್ಲ.