ಕುಂಕುಮ ಹಚ್ಚಿದ ಆಮೆಮರಿಯನ್ನು ಹಾಜರುಪಡಿಸಿ

ದ್ವೀಪದ ಪರಿಸರ ಪ್ರವಾಸೋದ್ಯಮ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಮಲ್ಲಮ್ಮ ಒಂದು ಆಮೆಮರಿಯ ಬೆನ್ನಿಗೆ ಕುಂಕುಮ ಹಚ್ಚಿದ್ದು ಅಪರಾಧವೆಂದು ತಾವು ಕಳಿಸಿದ ನೋಟೀಸು ಮೇ ತಿಂಗಳ ಮೂರನೆಯ ವಾರ ವೇರೂಳಿನ ನಮ್ಮ ಮನೆಗೆ ತಲುಪಿತು. ರಿಜಿಸ್ಟರ್ಡ್ ಪೋಸ್ಟು, ನಾಲ್ಕು ಪುಟ, ಮೂರು ಮೊಹರು. ಅದೇ ಮರಿಯ ಬಗ್ಗೆ ಫೆಬ್ರುವರಿಯಿಂದ ನಾನು ಬರೆದ ಎರಡು ಪತ್ರಗಳಿಗೆ ತಮ್ಮ ಕಚೇರಿಯಿಂದ ಒಂದು ಕಾರ್ಡೂ ಬರಲಿಲ್ಲ. ಅವೆರಡನ್ನೂ ನನಗೆ ತಿಳಿದ ಇಂಗ್ಲಿಷಿನಲ್ಲಿ ಬರೆದಿದ್ದೆ. ಇದನ್ನು ಕನ್ನಡದಲ್ಲಿ, ಎಲ್ಲರೂ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ. ತಮಗೆ ಕನ್ನಡ ಓದಲು ಬಾರದೇ ಇದ್ದರೆ ಸಂಕೋಚ ಬೇಡ, ಇಂಗ್ಲಿಷಿನಲ್ಲಿದ್ದದ್ದನ್ನೂ ತಾವು ಓದಿರಲಿಲ್ಲ. ತಮ್ಮ ದ್ವೀಪದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಮುದ್ರದ್ದೇನೂ ತಪ್ಪಿಲ್ಲ.

ನಾನು ಯಾರೆಂದು ಮೊದಲು ಹೇಳುತ್ತೇನೆ. ಬೀದರ ಜಿಲ್ಲೆಯ ಭಾಲ್ಕಿಯವನು. ಕೇಂದ್ರ ಸರ್ಕಾರದ ನೌಕರಿಯಲ್ಲಿ ಇಪ್ಪತ್ತಾರು ವರ್ಷದಿಂದ ವೇರೂಳಿನ, ಅಂದರೆ ಎಲ್ಲೋರಾದ, ಗುಹೆಗಳನ್ನು ಕಾಯುತ್ತಿದ್ದೇನೆ. ಕೆಲಸ ಬಹಳ ಸರಳ. ಬಂದವರಿಗೆ ಮುಟ್ಟಬೇಡಿ ಎಂದು ಹೇಳುವುದು. ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ, ಹೊರದೇಶದವರಿಗೆ ಕೈಸನ್ನೆಯಲ್ಲಿ. ಜನರ ಕೈ ತಾಕಿ ತಾಕಿ ಕಂಬದ ಕಲ್ಲು ಎಣ್ಣೆ ಹಚ್ಚಿದ ಹಾಗೆ ಕಪ್ಪಾಗಿ ಮಿಂಚುವುದನ್ನು ಕಂಡವನು ನಾನು. ಒಬ್ಬರ ಬೆರಳಿನಿಂದ ಏನೂ ಆಗುವುದಿಲ್ಲ, ಎಲ್ಲರೂ ಒಬ್ಬೊಬ್ಬರೇ ಎನ್ನುವುದೇ ತೊಂದರೆ. ದೇವಿಯ ಮೂರ್ತಿಗೆ ಕುಂಕುಮ ಹಚ್ಚಲು ಕೈ ಚಾಚಿದ ಎಷ್ಟು ಹೆಂಗಸರನ್ನು ಗದರಿಸಿದ್ದೇನೋ ಲೆಕ್ಕವಿಲ್ಲ. ಅವರು ಕೊಟ್ಟ ಶಾಪಗಳೂ ಲೆಕ್ಕಕ್ಕಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ರಕ್ಷಣೆ ಎಂದರೇನು ಎಂದು ನನಗೆ ಪಾಠ ಮಾಡಲು ತಾವು ನೋಟೀಸಿನ ಎರಡೂವರೆ ಪುಟ ಖರ್ಚು ಮಾಡಿದ್ದೀರಿ. ಕಾಗದ ಉಳಿಸಬಹುದಿತ್ತು.

ಸರ್ಕಾರದ ಖರ್ಚಿನಲ್ಲಿ ಹುಟ್ಟೂರಿಗೆ ಹೋಗುವ ಎಲ್‌ಟಿಸಿ ರಜೆಯನ್ನು ದ್ವೀಪಕ್ಕೆ ಬದಲಾಯಿಸಿಕೊಳ್ಳಬಹುದೆಂದು ಸರ್ಕಾರ ಹೇಳಿದ್ದರಿಂದ ಈ ವರ್ಷ ನಾವು ಭಾಲ್ಕಿಯನ್ನು ಬಿಟ್ಟು ತಮ್ಮಲ್ಲಿಗೆ ಬಂದೆವು. ಮಲ್ಲಮ್ಮನ ತವರೂ ಭಾಲ್ಕಿಯೇ. ತವರು ಬಿಟ್ಟು ನೀರು ನೋಡಲು ಹೋಗುವುದೇ ಎಂದು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ನಮ್ಮ ಮಗಳು ನೀರಜಾ ಔರಂಗಾಬಾದಿನಲ್ಲಿ ಕಾಲೇಜು ಓದುತ್ತಾಳೆ. ಅಮ್ಮ ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುವ ಹುಡುಗಿ. ಅವಳೇ ಒಪ್ಪಿಸಿದಳು. ಫೆಬ್ರುವರಿ ಹದಿನೇಳರ ಸಂಜೆ ತಮ್ಮ ಪರಿಸರಧಾಮದ ಮರಳಿನ ಮೇಲೆ ನಾವು ಮೂವರೂ ಸಾಲಿನಲ್ಲಿ ನಿಂತಿದ್ದೆವು. ತಲೆಯ ಮೇಲೆ ಬೋರ್ಡು: ‘ಆಮೆಮರಿಯನ್ನು ಸಮುದ್ರಕ್ಕೆ ಬಿಡಿ, ಪ್ರಕೃತಿಯ ಋಣ ತೀರಿಸಿ.’ ತೆಂಗಿನ ಚಿಪ್ಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮರಿ. ಪ್ರಕೃತಿಯ ಋಣ ತೀರಿಸಲು ಟಿಕೀಟು ಇತ್ತು, ಟಿಕೀಟಿನ ಹಿಂದೆ ಒಂದು ತಂಪು ಪಾನೀಯದ ಜಾಹೀರಾತು ಇತ್ತು.

ತಮ್ಮ ಗೈಡು ಚೆನ್ನಾಗಿ ಮಾತಾಡಿದ. ಈ ಮರಿ ಸಮುದ್ರದಲ್ಲಿ ಬೆಳೆಯುತ್ತದೆ, ಇಪ್ಪತ್ತು ಇಪ್ಪತ್ತೈದು ವರ್ಷವಾದ ಮೇಲೆ ಹೆಣ್ಣಾಮೆ ಎಲ್ಲೆಲ್ಲೋ ಸುತ್ತಿ ಮೊಟ್ಟೆಯಿಡಲು ತಾನು ಹುಟ್ಟಿದ ಈ ದಂಡೆಗೇ ತಿರುಗಿ ಬರುತ್ತದೆ ಎಂದ. ನೀರಜಾ ಅದನ್ನು ಅಮ್ಮನಿಗೆ ಬಿಡಿಸಿ ಹೇಳಿದಳು. ಕೆಟ್ಟದ್ದು ಅಲ್ಲೇ.

“ಹಂಗಾದ್ರ ಬಾಣಂತನಕ್ಕ ತವರಿಗೇ ಬರ್ತಾಳಲ್ರೀ ಈಕಿ!” ಎಂದು ಮಲ್ಲಮ್ಮ ಚಿಪ್ಪನ್ನು ಎದೆಗೆ ಹಿಡಿದುಕೊಂಡಳು.

ಅದು ಗಂಡೋ ಹೆಣ್ಣೋ ಗೈಡಿಗೂ ಗೊತ್ತಿರಲಿಲ್ಲ. ಆಕೆಗೆ ಗೊತ್ತಾಗಿಬಿಟ್ಟಿತು. ನಮ್ಮ ಕಡೆ ಹೆಣ್ಣುಮಗಳನ್ನು ಬರಿಹಣೆಯಲ್ಲಿ ಕಳಿಸುವುದಿಲ್ಲ. ಮನೆಗೆ ಬಂದಾಕೆ ಪಕ್ಕದ ಮನೆಯವಳಾದರೂ ಹೊರಡುವಾಗ ಕುಂಕುಮ ಕೊಡಬೇಕು. ಮೇಲಾಗಿ ಈ ಭಾಗದ ಶಿವಾಲಯಗಳಲ್ಲಿ ನೆಲದ ಮೇಲೆ ಕಲ್ಲಿನ ಆಮೆ ಇರುತ್ತದೆ. ಸೋಮವಾರ ಸೋಮವಾರ ಅದಕ್ಕೆ ಕುಂಕುಮ ಇಟ್ಟು ಒಳಗೆ ಹೋಗುವವಳು ಮಲ್ಲಮ್ಮ. ದಂಡೆಯ ಮೇಲಿದ್ದ ತಮ್ಮ ಶೆಡ್ಡಿನ ಬೆಂಚಿನ ಮೇಲೆ ಕೂತು ಸೊಂಟದ ಚೀಲದಿಂದ ಹಿತ್ತಾಳೆ ಡಬ್ಬಿ ತೆಗೆದಳು. ಬೆವರಿಗೆ ಅಳಿಯಬಾರದೆಂದು ಹಳೆಯ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಇಡುತ್ತಾರಲ್ಲ, ಆ ಮೇಣ. ನೀರಿಗೆ ಹೋಗುವವಳಿಗೆ ಬರಿ ಕುಂಕುಮ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿ, ಮರಿಯ ಬೆನ್ನಿನ ನಡುಮಧ್ಯೆ ಜೋಳದ ಕಾಳಿನಷ್ಟು ಮೇಣ, ಅದರ ಮೇಲೆ ಕುಂಕುಮ.

ನಾನು ಅಲ್ಲೇ ನಿಂತಿದ್ದೆ. ಇಪ್ಪತ್ತಾರು ವರ್ಷ ಕಲ್ಲಿಗೆ ಕುಂಕುಮ ಹಚ್ಚಗೊಡದವನು ಜೀವಕ್ಕೆ ಹಚ್ಚುವಾಗ ಬಾಯಿ ಬಿಡಲಿಲ್ಲ. ಮಾಡಬಾರದ್ದು ಎಂದು ನನಗೆ ಗೊತ್ತಿತ್ತು. ಆಕೆಯ ಮುಖ ನೋಡಿ ಸುಮ್ಮನಾದೆ. ಇದು ನನ್ನ ತಪ್ಪು, ಬರೆದು ಕೊಡುತ್ತೇನೆ. ತಮ್ಮ ಗೈಡೂ ನೋಡಿದ, ನಕ್ಕ, “ಜಲ್ದಿ ಕೀಜಿಯೇ ಮೇಡಂ, ಪೀಛೇ ಲೈನ್ ಹೈ” ಎಂದ, ಬೇಗ ಮಾಡಿ, ಹಿಂದೆ ಸಾಲಿದೆ ಎಂದು. ಮಲ್ಲಮ್ಮ ಮರಳ ಮೇಲೆ ಚಿಪ್ಪು ಓರೆ ಮಾಡಿ, “ಹೋಗವ್ವ, ಚಂದಾಗಿ ಇರು, ಮರತು ಕುಂದರಬ್ಯಾಡ” ಎಂದಳು. ಮರಿ ತಡವರಿಸುತ್ತ ಹೋಯಿತು. ಒಂದು ಅಲೆ ಬಂದು ಅದನ್ನು ಎತ್ತಿಕೊಂಡಿತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಅದು ಹೋದ ಕಡೆಗೇ ನೋಡುತ್ತ ನಿಂತೆ, ಯಾಕೆ ಸುಳ್ಳು ಹೇಳಲಿ? ನಲವತ್ತು ಹೆಜ್ಜೆ ಆಚೆ ನೀರಿನಲ್ಲಿ ಬಲೆ ಕಟ್ಟಿದ್ದರು. ಅದೇನೆಂದು ಕೇಳಿದ್ದಕ್ಕೆ ದೊಡ್ಡ ಮೀನು ಬಾರದ ಹಾಗೆ ಎಂದ ಗೈಡು. ನಂಬಿದೆ. ನಂಬುವುದಕ್ಕೂ ಟಿಕೀಟಿನಲ್ಲೇ ದುಡ್ಡು ಸೇರಿತ್ತು ಅಂತ ಕಾಣುತ್ತದೆ.

ಹೊರಡುವಾಗ ಪ್ರಮಾಣಪತ್ರ ಕೊಟ್ಟಿರಿ. ‘ಶ್ರೀಮತಿ ಮಲ್ಲಮ್ಮ ಇವರು ದಿನಾಂಕ 17-2-2013ರಂದು ಸಂಜೆ ಒಂದು ಆಮೆಮರಿಯನ್ನು ಅದರ ಸಹಜ ನೆಲೆಗೆ ಯಶಸ್ವಿಯಾಗಿ ಸೇರಿಸಿರುತ್ತಾರೆ.’ ಕೆಳಗೆ ತಮ್ಮ ಸಹಿ.

ಮೇಣದ ಡಬ್ಬಿ ಬೆಂಚಿನ ಮೇಲೆ ಮರೆತು ಬಂದಿದ್ದಳು. ಆಕೆಯ ಅವ್ವ ಕೊಟ್ಟ ಡಬ್ಬಿ, ಬಿಟ್ಟು ಬರುವ ಹಾಗಿರಲಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆ ಮೂವರೂ ಹೋದೆವು. ಶೆಡ್ಡಿನ ಬಾಗಿಲು ತೆರೆದಿತ್ತು. ಡಬ್ಬಿ ಇದ್ದಲ್ಲೇ ಇತ್ತು. ಬೆಂಚಿನ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು, ಗೇಣುದ್ದ ನೀರು, ಅದರಲ್ಲಿ ಐವತ್ತು ಅರವತ್ತು ಮರಿ. ಎಲ್ಲವೂ ಟಬ್ಬಿನ ಗೋಡೆಗೆ ಮುಖ ಹಚ್ಚಿ ಒಂದೇ ಸಮನೆ ಕೈಕಾಲು ಬಡಿಯುತ್ತಿದ್ದವು. ಗೋಡೆಯ ಆಚೆ ಸಮುದ್ರ ಇದೆಯೆಂದು ಅವಕ್ಕೆ ಗೊತ್ತಿತ್ತು.

ಮೊದಲು ಕಂಡದ್ದು ಮಗಳಿಗೆ. “ಆಯಿ, ಹೇ ಬಘ! ತುಝಂಚ್ ಆಹೇ!” ಎಂದು ಕೂಗಿದಳು, ಅಮ್ಮ ನೋಡು, ನಿನ್ನದೇ ಎಂದು. ಒಂದು ಮರಿಯ ಬೆನ್ನ ನಡುಮಧ್ಯೆ ಜೋಳದ ಕಾಳಿನಷ್ಟು ಕೆಂಪು. ಮೇಣ ತನ್ನ ಕೆಲಸ ಮಾಡಿತ್ತು.

ಮಲ್ಲಮ್ಮ ಟಬ್ಬಿನ ಮೇಲೆ ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನಿ ಕಳಿಸಿದ ಮಗಳು ಇಲ್ಲೇ ಅದಾಳಲ್ರೀ. ರಾತ್ರಿಯೆಲ್ಲ ಈಸ್ಯಾಳ, ಎಲ್ಲೂ ಹೋಗಿಲ್ಲ” ಎಂದಳು. ಎಂದವಳೇ ಟಬ್ಬಿಗೆ ಕೈ ಹಾಕಿದಳು, ಮರಿಯನ್ನು ಎತ್ತಿಕೊಂಡು ಹೋಗಿ ನೀರಿಗೆ ಬಿಡಲು. ಆಗ ಅಲ್ಲವೇ ತಾವು ಬಂದದ್ದು? ಬಿಳಿ ಶರ್ಟು, ಕಂಕುಳಲ್ಲಿ ರಿಜಿಸ್ಟರು. “ಹಾಥ್ ಮತ್ ಲಗಾಯಿಯೇ! ಸಂರಕ್ಷಿತ ಪ್ರಾಣಿ ಹೈ!” ಎಂದು ಗುಡುಗಿದಿರಿ. ಹದಿನೈದು ಗಂಟೆ ಮೊದಲು ಅದೇ ಪ್ರಾಣಿಯನ್ನು ಚಿಪ್ಪಿನಲ್ಲಿಟ್ಟು ಆಕೆಯ ಕೈಗೆ ಕೊಟ್ಟವರು ತಾವು. ‘ಮುಟ್ಟಬೇಡಿ’ ಎಂಬ ಮಾತಿನಿಂದ ನನ್ನ ಹೊಟ್ಟೆ ತುಂಬಿದೆ, ಮಾನ್ಯರೇ. ಆ ಮಾತಿಗೆ ಅಷ್ಟು ಹೊಲಸು ಬಳಿದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ. ತಾವು ಮರಿಯನ್ನು ಆಕೆಯ ಕೈಯಿಂದ ಕಸಿದು ಟಬ್ಬಿಗೆ ಹಾಕಿ, ರಿಜಿಸ್ಟರಿನಲ್ಲಿ ಏನೋ ಬರೆದು, ಶೆಡ್ಡಿಗೆ ಬೀಗ ಹಾಕಿಸಿದಿರಿ. ಸಂಜೆ ಐದಕ್ಕೆ ಮತ್ತೊಂದು ಸಾಲು ನಿಲ್ಲುವುದಿತ್ತಲ್ಲ. ನಮ್ಮ ದೋಣಿ ಹನ್ನೊಂದಕ್ಕೆ ಹೊರಟಿತು.

ಈಗ ನೋಟೀಸಿಗೆ ಬರುತ್ತೇನೆ. ಅದರ ಮೂರನೆಯ ಪ್ಯಾರಾ: ‘ದಿನಾಂಕ 18-2-2013ರ ಬೆಳಗ್ಗೆ ನಡೆಸಿದ ತಪಾಸಣೆಯಲ್ಲಿ, ತೊಟ್ಟಿಯಲ್ಲಿದ್ದ ಒಂದು ಮರಿಯ ಬೆನ್ನ ಮೇಲೆ ಸದರಿ ಮಹಿಳೆಯು ಹಿಂದಿನ ದಿನ ಲೇಪಿಸಿದ ಕೆಂಪು ಮೇಣಯುಕ್ತ ಪದಾರ್ಥ ಕಂಡುಬಂದಿರುತ್ತದೆ.’ ಇದಕ್ಕೂ ತಮ್ಮದೇ ಸಹಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಾವು ಹೆಗಲು ಮುಟ್ಟಿ ನೋಡಿಕೊಂಡದ್ದಲ್ಲದೆ ಮೊಹರು ಒತ್ತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೀರಿ! ಹದಿನೇಳರ ಸಂಜೆ ಸಹಜ ನೆಲೆ ಸೇರಿದ ಮರಿ ಹದಿನೆಂಟರ ಬೆಳಗ್ಗೆ ತೊಟ್ಟಿಗೆ ಹೇಗೆ ಬಂತು? ಸಮುದ್ರ ಸಾಕೆನಿಸಿ ಮರಿ ತಾನೇ ದಡ ಹತ್ತಿ, ಶೆಡ್ಡಿನ ಚಿಲಕ ತೆಗೆದು, ಟಬ್ಬು ಏರಿ ಕೂತಿತೇ? ಅಥವಾ ತಮ್ಮ ಇಲಾಖೆಯಲ್ಲಿ ಸಹಜ ನೆಲೆ ಎಂದರೆ ನೀಲಿ ಪ್ಲಾಸ್ಟಿಕ್ಕೇ? ಪ್ರಮಾಣಪತ್ರ ನಿಜವಾದರೆ ನೋಟೀಸು ಸುಳ್ಳು. ನೋಟೀಸು ನಿಜವಾದರೆ ತಾವು ಈವರೆಗೆ ಹಂಚಿದ ಪ್ರತಿಯೊಂದು ಪ್ರಮಾಣಪತ್ರವೂ ಸುಳ್ಳು. ಯಾವುದು ಬೇಕೋ ಆರಿಸಿಕೊಳ್ಳಿ.

ತಮ್ಮದೇ ಕರಪತ್ರವೊಂದು ನನ್ನ ಬಳಿ ಇದೆ, ಬಣ್ಣಬಣ್ಣದ್ದು. ಅದರಲ್ಲಿ ಬರೆದಿದೆ: ಹೊಸದಾಗಿ ಹುಟ್ಟಿದ ಮರಿಗೆ ಹೊಟ್ಟೆಯೊಳಗೆ ಕೆಲವೇ ದಿನದ ಬುತ್ತಿ ಇರುತ್ತದೆ, ಆ ಬಲದಲ್ಲಿ ಅದು ಆಳದ ನೀರು ಮುಟ್ಟಬೇಕು, ಆದ್ದರಿಂದ ಹಿಡಿದಿಡಬಾರದು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಸಂಜೆ ಬಿಟ್ಟು, ಬಲೆಯಲ್ಲಿ ತಡೆದು, ಬಾಚಿ ತಂದು, ಮರುದಿನ ಮತ್ತೆ ಬಿಟ್ಟು, ಆ ಬುತ್ತಿಯನ್ನು ಟಬ್ಬಿನ ಗೋಡೆಗೆ ಬಡಿದು ಬಡಿದು ಮುಗಿಸಿಕೊಂಡ ಮರಿಯನ್ನು ತಾವು ಎಷ್ಟನೆಯ ದಿನ ಎಲ್ಲಿಗೆ ಎಸೆಯುತ್ತೀರಿ? ಇದಕ್ಕೂ ಒಂದು ರಿಜಿಸ್ಟರು ಇದೆಯೇ?

ನೋಟೀಸಿನ ಪ್ರತಿಯನ್ನು ನನ್ನ ಮೇಲಧಿಕಾರಿಗೂ ಕಳಿಸಿದ್ದೀರಿ, ಹೆದರಲಿ ಎಂದು. ಅವರು ನನ್ನನ್ನು ಕರೆಸಿ ನಾಲ್ಕೂ ಪುಟ ಓದಿದರು. “ರೇವಣಪ್ಪ, ಕುಂಕುಮ ಹಚ್ಚುವಾಗ ನೀನೇನು ಮಾಡುತ್ತಿದ್ದೆ?” ಎಂದು ಮರಾಠಿಯಲ್ಲಿ ಕೇಳಿದರು. ನೋಡುತ್ತಿದ್ದೆ ಸಾಹೇಬರೇ ಎಂದೆ. ನಾಚಿಕೆಯಿಂದ ನೆಲ ನೋಡಿದೆ. ಆ ನಾಚಿಕೆ ನನ್ನದು, ಹೊತ್ತುಕೊಳ್ಳುತ್ತೇನೆ. ತಮ್ಮ ಪಾಲಿನದನ್ನು ಹೊರಲು ತಮ್ಮಲ್ಲಿ ಯಾರೂ ಇದ್ದ ಹಾಗಿಲ್ಲ.

ನಾಲ್ಕು ತಿಂಗಳಿಂದ ಮಲ್ಲಮ್ಮ ಡಬ್ಬಿ ತೆರೆದಾಗಲೆಲ್ಲ ಅದೇ ಮಾತು. “ಹೋಗ್ಯಾಳೇನ್ರಿ?” ಹೋಗಿರುತ್ತಾಳೆ ಎಂದು ಮೊದಮೊದಲು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ತಮ್ಮ ಪ್ರಮಾಣಪತ್ರದಂಥ ಮಾತನ್ನು ಮನೆಯಲ್ಲಿ ಆಡಲು ನನಗೆ ಹೇಸಿಗೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆರೋಪ ಹೊರಿಸಿದವರು ಸಾಕ್ಷ್ಯ ಹಾಜರುಪಡಿಸಬೇಕು. ಆ ಮರಿಯನ್ನು ಹಾಜರುಪಡಿಸಿ. ಬಿಟ್ಟಿದ್ದರೆ ಯಾವ ದಿನ, ಬಲೆಯ ಆಚೆಗೋ ಈಚೆಗೋ ಎಂದು ಬರೆಯಿರಿ. ಸತ್ತಿದ್ದರೆ ಸತ್ತಿದೆ ಎಂದು ಬರೆಯಿರಿ, ಕೆಳಗೆ ಅದೇ ಸಹಿ ಹಾಕಿ. ಆ ಬಲೆಯನ್ನು ಬಿಚ್ಚಿ. ನೀರಜಾ ಎರಡೂ ದಿನ ತೆಗೆದ ಫೋಟೋಗಳನ್ನು, ಮೂಲೆಯಲ್ಲಿ ತಾರೀಖು ಇರುವಂಥವನ್ನು, ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ಗೋಡೆಗೆ ತೂಗುಹಾಕಿದ್ದ ಪ್ರಮಾಣಪತ್ರವನ್ನು ಮಲ್ಲಮ್ಮ ತಾನೇ ಇಳಿಸಿದ್ದಾಳೆ, ಅದರ ಅಸಲು ಪ್ರತಿಯೂ ಇದರೊಂದಿಗಿದೆ.

ನೋಟೀಸು ಆಕೆಯ ಹೆಸರಿಗೆ ಬಂದಿರುವುದರಿಂದ ಉತ್ತರವೂ ಆಕೆಯದೇ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

“ಕುಂಕುಮ ಹಚ್ಚಿದಾಕಿ ನಾನೇ ಅದೀನ್ರಿ. ತಪ್ಪಾಗ್ಯದ. ಏನು ಶಿಕ್ಷಾ ಕೊಡ್ತೀರಿ ಕೊಡ್ರಿ, ಕರದ್ರ ಅಲ್ಲೀತನಕ ಬರ್ತೀನಿ. ಬಂದಾಗ ನನಗ ಆಕೀನ್ನ ತೋರಸ್ರಿ. ತೋರಸ್ಲಾಕ ಆಗಲಿಲ್ಲಂದ್ರ, ಶಿಕ್ಷಾ ಯಾರಿಗಿ ಅಂತ ನೀವೇ ಹೇಳ್ರಿ.”

ಇಂತಿ,
ಮುಟ್ಟಬೇಡಿ ಎನ್ನಲು ಸಂಬಳ ಪಡೆದೂ ಒಂದು ಸಂಜೆ ಬಾಯಿ ಮುಚ್ಚಿ ನಿಂತಿದ್ದ,
ರೇವಣಪ್ಪ
ವೇರೂಳು, ಜೂನ್ 2013