ಹಳದಿ ಕಲ್ಲುಗಳ ಆಚೆಯ ನೀರು

ಹಳದಿ ಕಲ್ಲಿನ ನೂರ ನಲವತ್ತನೆಯ ವರ್ಷ, ಎರಡನೇ ಬೇಸಿಗೆ

ನೂರ ನಲವತ್ತು ವರ್ಷಗಳ ಹಿಂದೆ ನಿಂತು ಗುಡ್ಡವನ್ನು ಮುಚ್ಚುತ್ತಿರುವವರಿಗೆ,

ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ಮಳೆಗಾಲ ಎಂಬ ಪದ ನಮ್ಮಲ್ಲಿ ಹಾಡಿನಲ್ಲಷ್ಟೇ ಉಳಿದಿದೆ. ಆ ತಿಂಗಳುಗಳನ್ನು ಎರಡನೇ ಬೇಸಿಗೆ ಎನ್ನುತ್ತೇವೆ. ನಿಮ್ಮ ಕಾರ್ಖಾನೆಗಳ ವಿಷದ ಕಸ ಹೂತ ಜಾಗ ನಮಗೆ ಬರೀ ಗುಡ್ಡ.

ನೀವು ಕೆಲಸವನ್ನು ಚೆನ್ನಾಗಿಯೇ ಮಾಡಿದಿರಿ. ಪ್ಲಾಸ್ಟಿಕ್ ಹಾಳೆ ಹೊದಿಸಿ, ಜೇಡಿಮಣ್ಣು ಮೆತ್ತಿ, ಹುಲ್ಲು ಬೆಳೆಸಿದಿರಿ. ಬುಡದಲ್ಲಿ ಬಸಿಯುವ ನೀರಿಗೆ ತೊಟ್ಟಿ ಕಟ್ಟಿದಿರಿ. ವಾಸನೆಯನ್ನೂ ತೆಗೆದಿರಿ. ಸುತ್ತ ಕಲ್ಲು ನೆಟ್ಟು ಹಳದಿ ಬಣ್ಣ ಬಳಿದು, ಮಾಸಿದಾಗಲೆಲ್ಲ ಬಳಿಯಿರಿ ಎಂದು ಊರಿನ ಹೆಂಗಸರಿಗೆ ಒಪ್ಪಿಸಿ ಹೋದಿರಿ. ಅವರು ಮಾತು ತಪ್ಪಲಿಲ್ಲ. ಬಣ್ಣ ಬರುವುದು ನಿಂತ ವರ್ಷ ಅರಿಸಿನ ಕಲಸಿ ಹಚ್ಚಿದರು. ಅರಿಸಿನ ಹಚ್ಚಿದ ಕಲ್ಲಿಗೆ ಯಾರೋ ಕುಂಕುಮ ಇಟ್ಟರು. ಕುಂಕುಮ ಇಟ್ಟ ಮೇಲೆ ಬರಿಗೈಯಲ್ಲಿ ಹೋಗುವುದು ಹೇಗೆ?

ಈಗ ಬಸುರಿಯರನ್ನು ಏಳನೇ ತಿಂಗಳಲ್ಲಿ ಕಲ್ಲು ದಾಟಿಸಿ ತೊಟ್ಟಿಯ ನೀರು ಕುಡಿಸುತ್ತಾರೆ. ಅದಕ್ಕೆ ಗುಡ್ಡದ ಹಾಲು ಎಂದು ಹೆಸರು. ಸಿಹಿಯಾಗಿರುತ್ತದೆ. ಆದರೂ ಚೆಲ್ಲಿದಲ್ಲಿಗೆ ಇರುವೆ ಬರುವುದಿಲ್ಲ. ತೊಟ್ಟಿಯ ಸುತ್ತ ಕಪ್ಪೆ ಕೂಗುವುದಿಲ್ಲ.

ಬಣ್ಣ ಬಳಿದ ಕೊನೆಯವರಲ್ಲಿ ನನ್ನ ಅಜ್ಜಿ ಒಬ್ಬಳು. 'ಹಳದಿ ಅಂದ್ರ ದೂರ ನಿಲ್ಲು ಅಂತ. ಕೈ ಮುಗಿ ಅಂತಲ್ಲ' ಎನ್ನುತ್ತಿದ್ದಳು. ಅವಳ ನಂತರ ಅದನ್ನು ಹೇಳುವವಳು ನಾನೊಬ್ಬಳೇ.

ನಾಳೆ ನನ್ನ ಮಗಳು ಹಾಲವ್ವನ ಸರದಿ. ಅವಳ ಅತ್ತೆ ಕೊಟ್ರವ್ವ ನಗುತ್ತಾಳೆ: 'ಏನ್ ಬೀಗತಿ, ನಾ ನಾಕು ಬಸಿರಿಗೂ ಕುಡದೀನಿ. ನನಗೇನಾಗೇತಿ?' ನಾಲ್ವರಲ್ಲಿ ಉಳಿದದ್ದು ನನ್ನ ಅಳಿಯನೊಬ್ಬನೇ. ಉಳಿದ ಮೂವರು ಗುಡ್ಡಕ್ಕೆ ಸಂದರೆಂದು ಅವಳು ಸಂತೋಷದಿಂದಲೇ ಹೇಳುತ್ತಾಳೆ. ಹಾಲವ್ವನೂ ಗಂಡನ ಮನೆಯ ಕಡೆ. 'ಯವ್ವಾ, ಒಂದು ಬೊಗಸಿ ನೀರಿಗೆ ಎಷ್ಟಂತ ಮುಖ ಗಂಟು ಹಾಕ್ಕೊಂತೀ' ಎಂದು ನನ್ನ ಗಲ್ಲ ಹಿಂಡಿದಳು.

ಮಾತು ಸೋತಿತು. ನೀರು ನಾರಿದರೆ ಯಾರೂ ಬಾಯಿಗೆ ಹಾಕುವುದಿಲ್ಲ ಎಂದುಕೊಂಡು, ಮೊನ್ನೆ ಒಂದು ಕೊಳೆತ ಹೆಗ್ಗಣಕ್ಕೆ ಕಲ್ಲು ಕಟ್ಟಿ ಹಗ್ಗದಿಂದ ತೊಟ್ಟಿಗೆ ಇಳಿಬಿಟ್ಟೆ. ಇಂದು ಹೋಗಿ ಮೂಸಿದೆ. ವಾಸನೆ ಇರಲಿಲ್ಲ. ಹಗ್ಗ ಎಳೆದು ನೋಡಿದೆ. ಹೆಗ್ಗಣ ಚೊಕ್ಕಟವಾಗಿತ್ತು. ಹುಳು ಒಂದೂ ಇರಲಿಲ್ಲ. ಮೈಗೂದಲು ಎಣ್ಣೆ ಹಚ್ಚಿ ಬಾಚಿದಂತೆ ಹೊಳೆಯುತ್ತಿತ್ತು.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಹಾಳೆ ಹೊದಿಸಿ, ಮಣ್ಣು ಮೆತ್ತಿ, ತೆಗೆಯಲಾಗುವುದನ್ನೆಲ್ಲ ತೆಗೆಯಿರಿ. ಕಲ್ಲುಗಳಿಗೆ ಬಣ್ಣ ಬಳಿಯಬೇಡಿ. ವಾಸನೆಯನ್ನು ಮಾತ್ರ ಹಾಗೇ ಬಿಡಿ. ನಿಮಗದು ಹೇಸಿಗೆಯೆಂದು ನನಗೆ ಗೊತ್ತು, ಕಿಟಕಿ ಮುಚ್ಚಿಕೊಂಡು ಬದುಕಬೇಕಾಗುತ್ತದೆ. ಆದರೆ ನಾಳೆ ಬೆಳಿಗ್ಗೆ ಹಾಲವ್ವ ತೊಟ್ಟಿಗೆ ಬಗ್ಗಿದಾಗ ಮೂಗು ಮುಚ್ಚಿಕೊಂಡು ಹಿಂದೆ ಸರಿಯಬೇಕು.

ಇಂತು,
ಹಾಲವ್ವನ ತಾಯಿ