ಹನ್ನೊಂದು ಹನಿ ಶಾಯಿ ಮತ್ತು ಸತ್ತುಹೋದ ಖಾಸಿಂಬಿ

ಮತದಾರರ ಪಟ್ಟಿ ಕಾಯುವ ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ನಾನು ಸರ್ಕಾರದ ಆಸ್ತಿ ಕದ್ದಿದ್ದೇನೆ. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ. ಚುನಾವಣೆಗೊಂದರಂತೆ ಹನ್ನೊಂದು ಹನಿ. ಯಾಕೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ತಮ್ಮ ಕಳವಿನ ಮಾತಾಡೋಣ. ತಾವು ನನ್ನ ತಾಯಿಯನ್ನು ಕದ್ದಿದ್ದೀರಿ.

ಕುರುಗೋಡಿನ ನಮ್ಮ ಗಲ್ಲಿಯ ಖಾಸಿಂಬಿ, ವಯಸ್ಸು ಎಂಬತ್ತೆರಡು, ತಮ್ಮ ಹೊಸ ಪಟ್ಟಿಯ ಪ್ರಕಾರ ತೀರಿಕೊಂಡಿದ್ದಾಳೆ. ಜೊತೆಗೆ ಅದೇ ಗಲ್ಲಿಯ ಇನ್ನೂ ನಲವತ್ತು ಮಂದಿ. ಎಲ್ಲರೂ ಒಂದೇ ದಿನ, ಎಲ್ಲರೂ ಸಾಬರೇ. ಇಷ್ಟು ಚೊಕ್ಕಟವಾದ ಸಾಂಕ್ರಾಮಿಕವನ್ನು ವೈದ್ಯಶಾಸ್ತ್ರ ಕಂಡಿರಲಾರದು: ಎದುರು ಗಲ್ಲಿಗೆ ದಾಟಲಿಲ್ಲ, ಒಬ್ಬರಿಗೂ ಕೆಮ್ಮು ಬರಲಿಲ್ಲ, ಸತ್ತವರೆಲ್ಲ ಮರುದಿನ ಕೊಡ ಹಿಡಿದು ನಳದ ಮುಂದೆ ಪಾಳಿ ಹಚ್ಚಿದ್ದರು. ಅದೇ ಮನೆಯ ನನ್ನ ಹೆಸರು ಮಾತ್ರ ಉಳಿದಿದೆ, ಬೇರೆ ಪುಟದಲ್ಲಿತ್ತಂತೆ. ಯಮನಿಗೂ ಪುಟ ತಿರುವುವ ಬೇಸರವಿರುತ್ತದೆಂದು ಅಂದೇ ತಿಳಿದದ್ದು.

ವಿಚಾರಣೆಗೆ ಕರೆದಿರಿ. ಮೊಣಕಾಲು ಹಿಡಿದ ಮುದುಕಿಯನ್ನು ಬಸ್ಸಿನಲ್ಲಿ ಕರೆತಂದೆ. ತಾವು ಮೊಬೈಲಿನಿಂದ ತಲೆ ಎತ್ತಲಿಲ್ಲ; ಮೃತರ ಎದುರು ತಲೆ ತಗ್ಗಿಸುವ ಸಂಸ್ಕಾರವಿರಬೇಕು. ಗುಮಾಸ್ತರೇ ಕೇಳಿದರು: “ಅಮ್ಮಾ, ನೀವು ಬದುಕೀರಿ ಅನ್ನಾಕ ದಾಖಲಿ ಏನೈತ್ರಿ?”

“ನಿನ್ನ ಮುಂದ ನಿಂತು ಅರ್ಧ ತಾಸಾತು ತಮ್ಮಾ,” ಎಂದಳು ಅಮ್ಮ. “ಒಂದು ಕುರ್ಚಿ ಕೊಟ್ಟಿಲ್ಲ. ಸತ್ತಾಕಿ ಅಂತ ಖರೇನ ನಂಬಿದ್ರ ಒಂದು ಚಾಪಿನಾರ ಹಾಸ್ತಿದ್ದಿ.”

ಅವಳು ಸತ್ತಿದ್ದಾಳೆಂದು ಅರ್ಜಿ ಕೊಟ್ಟವನು ಪಕ್ಕದ ಮನೆಯ ದುರುಗಪ್ಪ ಎಂದು ತಮ್ಮ ಕಡತ ಹೇಳಿತು. ಅವನೂ ಬಂದಿದ್ದ, ಬೆವರುತ್ತ. “ನಾ ಎಲ್ಲಿ ಕೊಟ್ಟೀನ್ರಿ ಸರ? ಹೆಬ್ಬೆಟ್ಟು ಒತ್ತಾಂವ ನಾನು. ಇಲ್ಲಿ ನೋಡಿದ್ರ ಇಂಗ್ಲಿಷಿನಾಗ ಸಹಿ ಐತಿ! ನನ್ನ ಕೋಳಿ ಅಂಗಳಕ್ಕ ಬಂತು ಅಂತ ಈ ಅಮ್ಮ ಇವತ್ತು ಮುಂಜಾನಿನೂ ಬೈದಾಳ. ಸತ್ತಾಕಿ ಬೈತಾಳೇನ್ರಿ?”

“ಮೊದ್ಲು ಆ ಕೋಳಿ ಕಟ್ಟಿಹಾಕಲೇ,” ಎಂದಳು ಮೃತೆ.

ಆಗ ತಾವು ತಲೆ ಎತ್ತಿದಿರಿ. “ಪರಿಶೀಲಿಸುತ್ತೇವೆ. ನಿಮ್ಮಂಥವರೂ ದೇಶದ ನಿಯಮಕ್ಕೆ ಸ್ವಲ್ಪ ಗೌರವ ಕೊಡಬೇಕು.”

ನಮ್ಮಂಥವರು! ಮಾನ್ಯರೇ, ಅಮ್ಮನಿಗೆ ದೇಶಭಕ್ತಿ ಎಂಬ ಪದ ಬಾರದು. ವೋಟನ್ನು ಅವಳು ‘ಅಮಾನತ್’ ಎನ್ನುತ್ತಾಳೆ: ನಂಬಿ ಕೈಗಿತ್ತ, ತಪ್ಪದೆ ಮರಳಿಸಬೇಕಾದ ಗಂಟು. ಅದೇ ಪದಕ್ಕೆ ತಮ್ಮ ಕಚೇರಿಯ ಕನ್ನಡದಲ್ಲಿ ಕೆಲಸದಿಂದ ಹೊರಗಿಡುವುದೆಂದು ಅರ್ಥ. ಅವಳ ಅಮಾನತ್ತನ್ನು ತಾವು ಅಮಾನತಿನಲ್ಲಿಟ್ಟಿದ್ದೀರಿ, ಎಂಥ ಭಾಷಾಪ್ರೇಮ! ಅಪ್ಪ ತೀರಿಕೊಂಡಾಗ, ವಿಧವೆ ಹೊಸಿಲು ದಾಟದ ಇದ್ದತ್ತಿನ ನಾಲ್ಕು ತಿಂಗಳಲ್ಲಿ, ಮಸೀದಿಯ ಹಜರತರನ್ನು ಕೇಳಿ ಅವಳು ಹೊರಬಂದದ್ದು ಒಂದೇ ಸಲ. ಮತಗಟ್ಟೆಗೆ. ತಾವು ಕಳೆದ ಸಲ ಮತದಾನದ ರಜೆಯಲ್ಲಿ ಎಲ್ಲಿದ್ದಿರಿ?

ನಾನೇನು ಕಡಿಮೆಯೇ? ಹಚ್ಚೊಳ್ಳಿಯಿಂದ ಕೊಳಗಲ್ಲಿನ ತನಕ ಹನ್ನೊಂದು ಚುನಾವಣೆಗಳಲ್ಲಿ ಮತಗಟ್ಟೆ ನಡೆಸಿದ ಕನ್ನಡ ಉಪನ್ಯಾಸಕ ನಾನು. ಒಂದು ಸಲವೂ ಬೋಳು ಬೆರಳಿನಲ್ಲಿ ಮನೆಗೆ ಮರಳಿದವನಲ್ಲ. ಬೇಕಾದರೆ ಇಡೀ ಗಲ್ಲಿಯನ್ನು ಕೇಳಿ. ಸತ್ತವರು ಸುಳ್ಳು ಹೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಹದಿನೈದು ದಿನದೊಳಗೆ ನಲವತ್ತೊಂದು ಮಂದಿಯನ್ನೂ ಬದುಕಿಸಿರಿ. ದುರುಗಪ್ಪನಿಗೆ ಗೊತ್ತಿಲ್ಲದೆ ಅವನಿಗೆ ಇಂಗ್ಲಿಷ್ ಕಲಿಸಿದ ಮಹನೀಯರು ಯಾರೆಂದು ಪತ್ತೆ ಹಚ್ಚಿರಿ. ಆದೇಶವನ್ನು ಖಾಸಿಂಬಿಯ ಮನೆಗೆ ಬಂದು, ನಿಂತುಕೊಂಡು ಓದಿರಿ. ಅವಳು ಕುರ್ಚಿ ಕೊಡುತ್ತಾಳೆ, ನಿರಾಕರಿಸಿರಿ.

ಇನ್ನು ಆ ಹನ್ನೊಂದು ಹನಿ. ಬೇರೆ ಊರಿನಲ್ಲಿ ಕರ್ತವ್ಯಕ್ಕೆ ಹೋದವರು ತಮ್ಮ ವೋಟು ಹಾಕಬೇಕೆಂದರೆ ಅಂಚೆ ಮತಪತ್ರಕ್ಕೆ ಅರ್ಜಿ ತುಂಬಬೇಕು. ನಾನು ಒಮ್ಮೆಯೂ ತುಂಬಲಿಲ್ಲ. ಸೋಮಾರಿತನ, ಅಷ್ಟೇ. ಆದರೆ ಚುನಾವಣೆ ಮುಗಿಸಿ ಬಂದ ಮಗನ ಬೆರಳು ನೋಡದೆ ಅಮ್ಮ ತಟ್ಟೆ ಇಡುತ್ತಿರಲಿಲ್ಲ. ಹಾಗಾಗಿ ಮತಗಟ್ಟೆ ಮುಚ್ಚಿದ ಮೇಲೆ ಉಳಿದ ಶಾಯಿಯನ್ನು ನನಗೆ ನಾನೇ ಹಚ್ಚಿಕೊಂಡೆ. ಹನ್ನೊಂದು ಸಲವೂ ಅವಳು ಆ ಬೆರಳಿಗೆ ಮುತ್ತಿಟ್ಟಳು.

ಆದ್ದರಿಂದ ನಮ್ಮ ಮನೆಯಿಂದ ಒಬ್ಬರು ಸಾಯಲೇಬೇಕೆಂದಿದ್ದರೆ, ದಯವಿಟ್ಟು ಪುಟ ತಿರುವಿರಿ. ತಪ್ಪು ಹೆಸರು ಹೊಡೆದುಹಾಕಿದ್ದೀರಿ.

ಇಂತಿ,
ಈ ಬಹಿರಂಗ ಪತ್ರವನ್ನು ಅಮ್ಮನಿಗೆ ಯಾರೂ ಓದಿ ಹೇಳಬಾರದೆಂದು ಊರನ್ನೆಲ್ಲ ಬೇಡಿಕೊಳ್ಳುವ,
ಪಟ್ಟಿಯಲ್ಲಿ ಮಾತ್ರ ಬದುಕಿರುವ
ಹುಸೇನ್‌ಪೀರ, ಕುರುಗೋಡು